ಗಿರಿರಾಜ, ಸ್ವರ್ಣಧಾರ, ಜವಾರಿ: ನಮ್ಮ ಬಿಸಿಲಿಗೆ ಯಾವ ಕೋಳಿ?

ನಮ್ಮದು ಸಿಂಧನೂರು ಕಡೆ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ಊರಲ್ಲಿ ಹಿತ್ತಲಿಗೆ ಕೋಳಿ ತರಲು ಹೊರಟಾಗ ನಾನು ಕಂಡಕಂಡವರಿಗೆ ಕೇಳಿದ್ದು ಒಂದೇ ಮಾತು, ವರ್ಷಕ್ಕೆ ಎಷ್ಟು ತತ್ತಿ ಇಡುತ್ತದೆ? ಮೇ ತಿಂಗಳ ಮಧ್ಯಾಹ್ನ ಹೇಗಿರುತ್ತದೆ ಎಂದು ಕೇಳಬೇಕಿತ್ತು.

ಜೂನ್‌ನಲ್ಲಿ ಗಿರಿರಾಜ ಎಂಟು, ಸ್ವರ್ಣಧಾರ ಎಂಟು ಮರಿ ತಂದೆ. ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ತಳಿಗಳು. ಹತ್ತು ಜವಾರಿ ಮರಿಗಳನ್ನು ಅವ್ವ ತವರಿಂದ ಬುಟ್ಟಿಯಲ್ಲಿ ಹೊತ್ತು ತಂದಳು. ಕಡಕ್‌ನಾಥ್ ಕೂಡ ಬಿಸಿಲು ತಡೆಯುತ್ತದೆ, ಆದರೆ ಮರಿ ದುಬಾರಿ. ಹೊಸಬರ ಕೈಯಲ್ಲಿ ನಾಲ್ಕು ಮರಿ ಸಾಯುವುದು ಇದ್ದದ್ದೇ, ಸಾಯುವುದು ಅಗ್ಗದ್ದಾದರೆ ವಾಸಿ ಅಲ್ವಾ? ಹೆಸರಘಟ್ಟದ ಕಾವೇರಿ, ಹೈದರಾಬಾದಿನ ವನರಾಜ ನಾನು ಸಾಕಿಲ್ಲ, ಅವುಗಳ ಸುದ್ದಿಗೆ ಹೋಗಲ್ಲ.

ಮೊದಲ ಪೆಟ್ಟು ಬಿದ್ದದ್ದು ಜವಾರಿಗೆ, ಅದೂ ನನ್ನ ತಪ್ಪಿನಿಂದ. ಗಿರಿರಾಜ, ಸ್ವರ್ಣಧಾರ ಮರಿಗಳಿಗೆ ಏಳನೇ ದಿನ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಕಣ್ಣಿಗೆ ಹನಿ ಹಾಕಿಸಿದ್ದೆ. ಜವಾರಿ ಗಟ್ಟಿ, ಅದಕ್ಕೆಂಥ ಲಸಿಕೆ ಎಂದು ಸುಮ್ನೆ ಬಿಟ್ಟೆ. ಆಗಸ್ಟ್‌ನಲ್ಲಿ ಹಸಿರು ಬೇಧಿ ಶುರುವಾಯಿತು, ಕತ್ತು ತಿರುಚಿಕೊಂಡು ಬಿದ್ದವು. ನಾಲ್ಕೇ ದಿನದಲ್ಲಿ ಹತ್ತರಲ್ಲಿ ಏಳು ಹೋದವು. ಜವಾರಿ ಬಿಸಿಲಿಗೆ ಗಟ್ಟಿ, ಈ ರೋಗಕ್ಕಲ್ಲ. ಉಳಿದ ಮೂರೂ ಹೆಣ್ಣು, ಅದರಲ್ಲೊಂದು ಬೋಳುಕತ್ತಿನದು.

ತೂಕ ಬೇಕೆಂದರೆ ಗಿರಿರಾಜದ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ದೀಪಾವಳಿ ಹೊತ್ತಿಗೆ ಹುಂಜ ಎತ್ತಿಕೊಂಡರೆ ಕೈ ಸೋಲುತ್ತಿತ್ತು. ಆದರೆ ಆ ಮೈಭಾರವೇ ಅದಕ್ಕೆ ಶತ್ರು. ಹಾರಲು ಬಾರದು, ನಾಯಿ ಬಂದರೆ ಓಡಲೂ ಬಾರದು. ಸ್ವರ್ಣಧಾರ ಸ್ವಲ್ಪ ಹಗುರ, ಗೋಡೆಯಾದರೂ ಹತ್ತುತ್ತದೆ. ಜವಾರಿಯಂತೂ ಸಂಜೆಯಾದರೆ ಬೇವಿನ ಮರದ ಮೇಲೆ. ಇಳಿಸಿ ಗೂಡಿಗೆ ಹಾಕುವುದೇ ನನಗೊಂದು ಕೆಲಸ.

ತತ್ತಿ ಲೆಕ್ಕ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿದ್ದೇನೆ. ಫೆಬ್ರುವರಿಯಲ್ಲಿ ಒಂದೊಂದು ಸ್ವರ್ಣಧಾರ ಸುಮಾರು 18 ತತ್ತಿ ಇಟ್ಟಿತು, ಗಿರಿರಾಜ 13. ಎರಡರ ತತ್ತಿಯೂ ಕಂದು ಬಣ್ಣದ್ದು, ದಪ್ಪ. ಜವಾರಿ 12 ಸಣ್ಣ ತತ್ತಿ ಇಟ್ಟು ಕಾವಿಗೆ ಕೂತುಬಿಟ್ಟಿತು. ಮರಿ ದೊಡ್ಡವಾಗುವ ತನಕ ಮತ್ತೆ ತತ್ತಿಯ ಮಾತಿಲ್ಲ.

ಇನ್ನು ಮೇ. ಕೋಳಿ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು, ಸ್ವಲ್ಪ ಬಿಸಿ ಜುಟ್ಟಿನಿಂದ ಹೋಗುತ್ತದೆ. ಹನ್ನೊಂದು ಗಂಟೆಗೇ ಗಿರಿರಾಜ ರೆಕ್ಕೆ ಅಗಲಿಸಿ ನಿಂತುಬಿಡುತ್ತಿತ್ತು. ಒಂದು ದಿನ ನಾನು ಪೇಟೆಗೆ ಹೋಗಿದ್ದೆ. ಮಧ್ಯಾಹ್ನದ ಕಾಳು ಹಾಕಿ ಹೋಗಿದ್ದು ತಪ್ಪಾಯಿತು, ತಿಂದದ್ದು ಅರಗುವಾಗ ಮೈ ಇನ್ನೂ ಕಾಯುತ್ತದೆ. ಬಂದು ನೋಡಿದರೆ ತಗಡಿನ ಕೆಳಗೆ ಎರಡು ಗಿರಿರಾಜ ಸತ್ತು ಬಿದ್ದಿದ್ದವು. ಅದೇ ತಗಡಿನ ಕೆಳಗಿದ್ದ ಸ್ವರ್ಣಧಾರ ಏದುಸಿರು ಬಿಡುತ್ತಿದ್ದವು, ಆದರೆ ಬದುಕಿದ್ದವು. ಬೋಳುಕತ್ತಿನ ಜವಾರಿ? ನೀರಿನ ಮಡಕೆ ಪಕ್ಕದ ಹಸಿ ಮಣ್ಣು ಕೆದರಿ ಹೊಟ್ಟೆ ಊರಿ ಮಲಗಿತ್ತು, ಊರಿಗೇ ಗೌಡ್ತಿ ಹಾಗೆ. ಅದರ ಮೈಮೇಲೆ ಪುಕ್ಕ ಕಡಿಮೆ, ಬಿಸಿ ಬೇಗ ಬಿಟ್ಟುಹೋಗುತ್ತದೆ.

ಅವತ್ತೇ ತಗಡಿನ ಮೇಲೆ ಭತ್ತದ ಹುಲ್ಲು ಹಾಸಿ ನೀರು ಚಿಮುಕಿಸಿದೆ. ಸುತ್ತ ಒದ್ದೆ ಗೋಣಿಚೀಲ ಕಟ್ಟಿದೆ. ಕಾಳು ಬೆಳಗ್ಗೆ ಆರಕ್ಕೆ ಮತ್ತು ಸಂಜೆ ಹೊತ್ತಿಳಿದ ಮೇಲೆ ಮಾತ್ರ. ಮತ್ತೆ ಯಾವುದೂ ಸಾಯಲಿಲ್ಲ. ತತ್ತಿ ಮಾತ್ರ ಇಳಿಯಿತು: ಆ ತಿಂಗಳು ಒಂದೊಂದು ಸ್ವರ್ಣಧಾರ 10, ಗಿರಿರಾಜ ಐದು. ಸಿಪ್ಪೆಯೂ ತೆಳುವಾಯಿತು, ಏದುಸಿರು ಬಿಡುವ ಕೋಳಿಗೆ ಸಿಪ್ಪೆ ಗಟ್ಟಿಯಾಗುವುದಿಲ್ಲ. ಸುಣ್ಣದ ಕಲ್ಲಿನ ಪುಡಿ ಒಂದು ಬಟ್ಟಲಲ್ಲಿ ಬೇರೆ ಇಟ್ಟಾಗ ತುಸು ಸುಧಾರಿಸಿತು.

ಮಾಂಸಕ್ಕೆ ಸಾಕಿ ಬೇಸಿಗೆಗೆ ಮುಂಚೆ ಮಾರುವವರು ಗಿರಿರಾಜ ತನ್ನಿ. ಮನೆಗೆ ತತ್ತಿ ಬೇಕು, ಮೊದಲ ಸಲ ಸಾಕುತ್ತಿದ್ದೀರಿ ಎಂದರೆ ನನ್ನ ಮಾತು ಸ್ವರ್ಣಧಾರ, ಜೊತೆಗೆ ಒಂದೆರಡು ಜವಾರಿ. ಜವಾರಿ ಯಾಕೆಂದರೆ ನಮ್ಮ ಗಿರಿರಾಜ, ಸ್ವರ್ಣಧಾರಗಳಲ್ಲಿ ಒಂದೂ ಕಾವಿಗೆ ಕೂರಲಿಲ್ಲ. ಬೇಸಿಗೆ ಕಳೆದ ಮೇಲೆ ಬೋಳುಕತ್ತಿನದರ ಕೆಳಗೆ ಒಂಬತ್ತು ಸ್ವರ್ಣಧಾರ ತತ್ತಿ ಇಟ್ಟೆ. ದಪ್ಪ ತತ್ತಿ, ಅಷ್ಟೇ ಹಿಡಿಸಿದ್ದು. 21ನೇ ದಿನ ಆರು ಮರಿ ಹೊರಬಂದವು. ಹೀಗೆ ಮನೆಯಲ್ಲಿ ಮಾಡಿಸಿದ ಮರಿ ತಾಯಿಯಷ್ಟು ತತ್ತಿ ಇಡುವುದಿಲ್ಲ, ಅದು ಗೊತ್ತಿದ್ದೇ ಇಟ್ಟದ್ದು. ಏಳನೇ ದಿನ ಆರಕ್ಕೂ ಕಣ್ಣಿಗೆ ಹನಿ ಹಾಕಿಸಿದೆ. ಬುಟ್ಟಿ ಹಿಡಿದುಕೊಂಡು ಬಂದವಳು ಅವ್ವನೇ.