ಕಡಲ ಬದಿಯ ಕಾರಿಗೆ ಮನೆಯಲ್ಲೇ ಬ್ರೇಕ್ ಪ್ಯಾಡ್ ಹಾಕುವ ಮೊದಲು

ಕಾರವಾರ, ಅಂಕೋಲಾ, ಕುಮಟಾ ಕಡೆ ಕಡಲಿಗೆ ಹತ್ತಿರ ಕಾರು ನಿಲ್ಲಿಸುವವರು ದಯವಿಟ್ಟು ಇದನ್ನು ಓದಿ. ಪ್ಯಾಡ್, ಅಂದರೆ ಚಕ್ರದ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ತುಂಡು, ಬದಲಿಸೋದು ಒಂದು ಗಂಟೆಯ ಕೆಲಸ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ನಮ್ಮ ಕಡೆ ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಕಾರು ಹೊರಗೆ ಫಳಫಳ ಅಂತಿದ್ದರೂ ಚಕ್ರದ ಹಿಂದೆ ಏನಾಗಿದೆ ಅಂತ ಬಿಚ್ಚುವವರೆಗೂ ಗೊತ್ತಾಗೋದಿಲ್ಲ.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಮುಂದಿನ ಎಡ ಚಕ್ರದಿಂದ ಕಿರ್ರ್ ಅಂತ ಸದ್ದು ಬರುತ್ತಿತ್ತು. ಹೊಸ ಪ್ಯಾಡ್ ತಂದು, ನಾನೂ ತಮ್ಮನೂ ಅಂಗಳದಲ್ಲೇ ಚಕ್ರ ಬಿಚ್ಚಿದೆವು. ಒಳಗಿನ ಪ್ಯಾಡ್ ತಗಡು ಕಾಣುವಷ್ಟು ಸವೆದಿತ್ತು. ಹೊರಗಿನದು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಹೀಗೆ ಒಂದೇ ಬದಿ ಸವೆದಿದ್ದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಲ್ಲೋ ಜಾಮ್ ಆಗಿದೆ ಅಂತಲೇ ತಿಳಿಯಿರಿ. ಅದು ಜಾರಬೇಕಾದ ಕೆಳಗಿನ ಪಿನ್ ಕಚ್ಚಿಕೊಂಡು ಕೂತಿತ್ತು. ರಬ್ಬರ್ ಕವರ್ ಹರಿದು ನೀರು ಹೋಗಿತ್ತು. ಹೇಗೋ ಎಳೆದು ತೆಗೆದಾಗ ಗ್ರೀಸ್ ಇರಬೇಕಾದ ಜಾಗದಿಂದ ಕೆಂಪು ಪುಡಿ ಉದುರಿತು.

ಬ್ರೇಕ್ ಆಯಿಲ್ ಕೂಡ ಕಪ್ಪಾಗಿತ್ತು. ಅದನ್ನೂ ಬದಲಿಸಲೇಬೇಕಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ತುಂಬ ಹೊತ್ತು ಕಾದು, ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಹಾಕಿದರೂ ಕ್ಯಾಲಿಪರ್‌ನಿಂದ ಹಳೇ ಆಯಿಲ್ ಹೊರಬಿಡುವ ಸಣ್ಣ ತಿರುಪು, ಅಂದರೆ ನಿಪ್ಪಲ್, ಟಕ್ ಅಂತ ತುಂಡಾಯಿತು. ಅದರ ಅರ್ಧ ತುಂಡು ಕ್ಯಾಲಿಪರ್ ಒಳಗೇ ಉಳಿಯಿತು. ಅಲ್ಲಿಗೆ ಕ್ಯಾಲಿಪರ್ ಹೊಸದೇ ಬೇಕಾಯಿತು. ಆಯಿಲ್ ಬರುವ ರಬ್ಬರ್ ಹೋಸ್ ಬಿರುಕು ಬಿಟ್ಟಿತ್ತು, ಅದನ್ನು ಬಿಚ್ಚುವಾಗ ಲೋಹದ ಪೈಪೂ ತಿರುಚಿಕೊಂಡಿತು. ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಅಲ್ಲಿವರೆಗೆ ಕಾರು ಅಂಗಳದಲ್ಲಿ, ಸ್ಟ್ಯಾಂಡ್ ಮೇಲೆ. ಖರ್ಚು ಪ್ಯಾಡಿನ ಬೆಲೆಯ ಎಷ್ಟೋ ಪಟ್ಟು.

ಬರೀ ಪ್ಯಾಡ್ ಹಾಕೋದಕ್ಕೆ ನಿಪ್ಪಲ್ ಮುಟ್ಟುವ ಅಗತ್ಯ ಇಲ್ಲ. ಆದರೆ ಹಳೇ ಆಯಿಲ್ ಹಾಗೇ ಬಿಡುವುದೂ ಅಪಾಯ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಇದ್ದರೆ ಅದು ಕುದ್ದು ಆವಿಯಾಗಿ, ಪೆಡಲ್ ಸುಮ್ನೆ ನೆಲಕ್ಕೆ ಹೋಗಬಹುದು. ಮನೆಮಂದಿ ಎಲ್ಲ ಕೂತಿರುತ್ತಾರೆ, ಅಲ್ವಾ?

ಭಾನುವಾರ ಅಂಗಡಿ ಮುಚ್ಚಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ನಿಮ್ಮ ಕಾರಿನ ಕ್ಯಾಲಿಪರ್ ಊರಲ್ಲಿ ಸಿಗುತ್ತಾ ಅಂತ ಮೊದಲು ಕೇಳಿಕೊಳ್ಳಿ. ಬರೀ ಜಾಕ್ ನಂಬಿ ಕಾರಿನಡಿ ಕೈ ಇಡಬೇಡಿ. ಪಿನ್ನಿಗೆ ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಹಾಕಿ. ನಿಪ್ಪಲ್ ಅಲುಗಾಡದಿದ್ದರೆ ಅಲ್ಲಿಗೇ ನಿಲ್ಲಿಸಿ. ಪೆಡಲ್ ಮೆತ್ತಗಿದ್ದರೆ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.