ಐದು ರೂಪಾಯಿಯ ಕ್ಯಾನು: ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕವನ್ನು ಅಳೆದು ನೋಡುವುದು ಹೇಗೆ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಬೆಳಗಾದರೆ ಸೈಕಲ್ಲು, ಟಿವಿಎಸ್ಸುಗಳ ಮೇಲೆ 20 ಲೀಟರಿನ ಕ್ಯಾನುಗಳು ಒಂದೇ ಕಡೆಗೆ ಹೊರಡುತ್ತವೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಘಟಕದ ಬಗ್ಗೆ ಅಲ್ಲ. ನೆಲದ ನೀರಿನಲ್ಲಿ ಹಲ್ಲು ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇರುವ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಕಾಣುವ, ಗಂಟೆಗೆ 1000 ಲೀಟರ್ ನೀರು ಕೊಡುವ ಆರ್‌ಒ (ರಿವರ್ಸ್ ಆಸ್ಮೋಸಿಸ್, ಅಂದರೆ ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ಹಾಯಿಸುವ) ಘಟಕದ ಬಗ್ಗೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ಒಳ್ಳೆಯದು, ಫ್ಲೋರೈಡನ್ನು ನಿಜಕ್ಕೂ ತೆಗೆಯುತ್ತದೆ. ಕೆಡುವುದು ಎರಡು ಕಡೆ. ಒಂದು, ಗೇಜುಗಳನ್ನು ಯಾರೂ ಓದದೆ ಮೆಂಬ್ರೇನ್, ಅಂದರೆ ನೀರು ಸೋಸುವ ಆ ಪೊರೆ, ಸಾಯುವುದು. ಎರಡು, ಕುಡಿಯಲು ಕ್ಯಾನಿನ ನೀರು, ಅಡುಗೆಗೆ ಅದೇ ಹಳೆಯ ಬೋರಿನ ನೀರು ಬಳಸುವುದು. ಎರಡನೆಯದು ಹೆಚ್ಚು ಅಪಾಯಕಾರಿ. ಅದರ ಬಗ್ಗೆ ಮಾತಾಡುವವರು ಮಾತ್ರ ತುಂಬ ಕಡಿಮೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವುದು ಇಷ್ಟು: ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣಗಳು, ಲೀಟರಿಗೆ 500 ಮಿ.ಗ್ರಾಂ, ಬೇರೆ ಗತಿಯಿಲ್ಲದಿದ್ದರೆ 2000. ಗ್ರಾನೈಟಿನ ನೆಲದಲ್ಲಿ ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕೂತಿರುತ್ತದೆ. ಬಂಡೆಯ ಖನಿಜಗಳಿಂದ ಫ್ಲೋರೈಡ್ ಕರಗಿ ಬರುತ್ತದೆ. ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದರೆ ಫ್ಲೋರೈಡನ್ನು ಹಿಡಿದು ಕೂರಿಸುವವರು ಯಾರೂ ಇರುವುದಿಲ್ಲ. ಹಾಗಾಗಿ ಬಾಯಿಗೆ ಮೆದುವಾಗಿ, ಸೋಪು ಚೆನ್ನಾಗಿ ನೊರೆ ಬರುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವುದುಂಟು. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ.

ಈಗ ಯಂತ್ರಕ್ಕೆ ಬರೋಣ. ಬೋರಿನ ನೀರು ಮೊದಲು ಟ್ಯಾಂಕಿಗೆ, ಅಲ್ಲಿಂದ ಮರಳಿನ ಫಿಲ್ಟರು, ಇದ್ದಿಲಿನ ಫಿಲ್ಟರು, 5 ಮೈಕ್ರಾನ್ ಕಾರ್ಟ್ರಿಜ್, ಆಮೇಲೆ ಹೈಪ್ರೆಶರ್ ಪಂಪು. ಪಂಪಿನ ಮುಂದೆ ಬಿಳಿ ಕೊಳವೆಗಳಲ್ಲಿ ನಾಲ್ಕು ಮೆಂಬ್ರೇನ್. 4040 ಎನ್ನುವ ಅಳತೆಯ ಇವು ನಾಲ್ಕು ಇಂಚು ದಪ್ಪ, ನಲವತ್ತು ಇಂಚು ಉದ್ದ. ಒಂದೊಂದೂ ಗಂಟೆಗೆ ಸುಮಾರು 250 ಲೀಟರ್ ಕೊಡುತ್ತದೆ. ಹೊರಬಂದ ನೀರಿಗೆ ಕ್ರಿಮಿ ಕೊಲ್ಲುವ ಯುವಿ (ಅತಿನೇರಳೆ) ದೀಪ, ಕೊನೆಗೆ ಸ್ಟೀಲ್ ಟ್ಯಾಂಕು, ಕಾಯಿನ್ ಬಾಕ್ಸು.

ಸತ್ತ ಮೆಂಬ್ರೇನನ್ನು ಗರಗಸದಿಂದ ಸೀಳಿ ಬಿಚ್ಚಿ ನೋಡಿದರೆ ಈ ಯಂತ್ರದ ಗುಟ್ಟೂ ಗೊತ್ತಾಗುತ್ತದೆ, ರೋಗವೂ ಗೊತ್ತಾಗುತ್ತದೆ. ನಡುವಿನ ತೂತಿನ ಕೊಳವೆಯ ಸುತ್ತ ಹಾಳೆಗಳನ್ನು ಚಾಪೆಯಂತೆ ಸುತ್ತಿರುತ್ತಾರೆ. ಪ್ರತಿ ಹಾಳೆಯಲ್ಲೂ ಮೂರು ಪದರ: ಕೆಳಗೆ ಪಾಲಿಯೆಸ್ಟರ್ ಬಟ್ಟೆ, ಮೇಲೆ ಪಾಲಿಸಲ್ಫೋನ್, ಎಲ್ಲಕ್ಕಿಂತ ಮೇಲೆ ಪಾಲಿಅಮೈಡ್. ಕೆಲಸ ಮಾಡುವುದು ಆ ಮೇಲಿನ ಪದರವೊಂದೇ. ದಪ್ಪ ಒಂದು ಮೈಕ್ರಾನಿನ ಐದರಲ್ಲಿ ಒಂದು ಭಾಗದಷ್ಟೂ ಇರುವುದು ಕಷ್ಟ. ಇದು ಜರಡಿಯಲ್ಲ. ನೀರು ಆ ಪದರದೊಳಗೆ ಸೇರಿ ಆಚೆ ಬದಿಗೆ ಇಳಿಯುತ್ತದೆ. ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಅಂಟಿಸಿಕೊಂಡ ಫ್ಲೋರೈಡ್ ಅಯಾನಿಗೆ ಹಾಗೆ ನುಸುಳಲು ಆಗುವುದಿಲ್ಲ. ಇಂಥ ಪೊರೆಯನ್ನು ಬಳಕೆಗೆ ಬರುವಂತೆ ಮಾಡಿದವರು ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್. ಅವರದು ಸೆಲ್ಯುಲೋಸ್ ಅಸಿಟೇಟ್ ಪೊರೆ. ಪಾಲಿಅಮೈಡ್ ಬಂದದ್ದು ಆಮೇಲೆ.

ಸೀಳಿದ ಮೆಂಬ್ರೇನಿನ ಹಿಂದಿನ ತುದಿಯ ಹಾಳೆಯನ್ನು ಬೆರಳಲ್ಲಿ ಸವರಿ. ಸ್ನಾನದ ಮನೆಯ ಹಂಡೆಯೊಳಗೆ ಕಟ್ಟುವಂಥ ಬಿಳಿ ಗಟ್ಟಿ ಪುಡಿ ಕೈಗೆ ಬಂದರೆ ಅದು ಸುಣ್ಣ. ಅದರ ಮೇಲೆ ನಿಂಬೆರಸ ಹಿಂಡಿದಾಗ ಗುಳ್ಳೆ ಎದ್ದರೆ ಕ್ಯಾಲ್ಸಿಯಂ ಕಾರ್ಬೊನೇಟು. ಗುಳ್ಳೆ ಏಳದೆ ಗಾಜಿನಂತೆ ಅಂಟಿಕೊಂಡಿದ್ದರೆ ಸಿಲಿಕಾ ಇರಬಹುದು, ಅದನ್ನು ತೊಳೆಯುವುದು ಬಹಳ ಕಷ್ಟ. ಮುಂದಿನ ತುದಿಯಲ್ಲಿ ಲೋಳೆ, ಕೊಳೆತ ವಾಸನೆ ಇದ್ದರೆ ಬ್ಯಾಕ್ಟೀರಿಯಾ. ಸುಣ್ಣ ಹಿಂದೆ ಕಟ್ಟುವುದಕ್ಕೆ ಕಾರಣವಿದೆ: ಮುಂದೆ ಸಾಗಿದಂತೆ ಶುದ್ಧ ನೀರು ಬಸಿದುಹೋಗಿ ಉಳಿದ ನೀರು ಗಟ್ಟಿಯಾಗುತ್ತಾ ಬರುತ್ತದೆ. ಇದನ್ನು ತಡೆಯಲೆಂದೇ ಪಂಪಿಗೆ ಮುಂಚೆ ಆಂಟಿಸ್ಕೇಲೆಂಟ್ ಎಂಬ ದ್ರವವನ್ನು ಲೀಟರಿಗೆ 3ರಿಂದ 5 ಮಿ.ಗ್ರಾಂ ಲೆಕ್ಕದಲ್ಲಿ ಹನಿಸಬೇಕು. ಮೂಲೆಯಲ್ಲಿರುವ ಆ ಸಣ್ಣ ಡೋಸಿಂಗ್ ಪಂಪಿನ ಡಬ್ಬಿ ಖಾಲಿ ಬಿದ್ದಿರುವುದೇ ಮೆಂಬ್ರೇನು ಬೇಗ ಸಾಯುವುದಕ್ಕೆ ದೊಡ್ಡ ಕಾರಣ. ಘಟಕಕ್ಕೆ ಹೋದವರು ಮೊದಲು ಆ ಡಬ್ಬಿಯನ್ನೇ ನೋಡಿ.

ಇನ್ನೊಂದು ವಿಷ ಕ್ಲೋರಿನ್. ಪಾಲಿಅಮೈಡ್ ಕ್ಲೋರಿನ್ನನ್ನು ತಾಳದು. ಪಂಚಾಯಿತಿಯವರು ಬೋರಿಗೋ ಓವರ್‌ಹೆಡ್ ಟ್ಯಾಂಕಿಗೋ ಬ್ಲೀಚಿಂಗ್ ಪುಡಿ ಹಾಕಿದ ದಿನ ಆ ನೀರನ್ನು ನೇರ ಆರ್‌ಒಗೆ ಬಿಟ್ಟರೆ, ಹಳೆಯ ಇದ್ದಿಲು ಅದನ್ನು ಹಿಡಿಯದಿದ್ದರೆ, ಪೊರೆ ಸುಟ್ಟಂತಾಗುತ್ತದೆ. ಸುಣ್ಣ ಕಟ್ಟಿದ ಮೆಂಬ್ರೇನು ಕಡಿಮೆ ನೀರು ಕೊಡುತ್ತದೆ. ಕ್ಲೋರಿನ್ ತಿಂದ ಮೆಂಬ್ರೇನು ಹೆಚ್ಚು ನೀರು ಕೊಡುತ್ತದೆ, ಆದರೆ ಉಪ್ಪಿನ ಜೊತೆ. ನೀರು ಜೋರಾಗಿ ಬರುತ್ತಿದೆ ಎಂದು ಖುಷಿಪಡುವ ಮುಂಚೆ ಟಿಡಿಎಸ್ ನೋಡಬೇಕು.

ಘಟಕ ಸರಿಯಿದೆಯೇ ಎಂದು ತಿಳಿಯಲು ನೀರುಗಂಟಿಯ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಸಾಕು: ಒಳಹೋಗುವ ನೀರಿನ ಟಿಡಿಎಸ್, ಹೊರಬರುವ ನೀರಿನ ಟಿಡಿಎಸ್, ಶುದ್ಧ ನೀರು ಎಷ್ಟು, ರಿಜೆಕ್ಟ್ (ಪೊರೆ ದಾಟದೆ ಹೊರಹೋಗುವ ಉಪ್ಪುನೀರು) ಎಷ್ಟು, ಮೆಂಬ್ರೇನಿನ ಮುಂದಿನ ಮತ್ತು ಹಿಂದಿನ ಪ್ರೆಶರ್. ಒಳಗೆ 1500, ಹೊರಗೆ 60ರಿಂದ 80 ಇದ್ದರೆ ಆರೋಗ್ಯ. ಹೊರಗಿನದು ವಾರಗಟ್ಟಲೆ ನಿಧಾನವಾಗಿ ಏರಿದರೆ ಪೊರೆ ಸವೆಯುತ್ತಿದೆ. ರಾತ್ರೋರಾತ್ರಿ 70ರಿಂದ 300ಕ್ಕೆ ಹಾರಿದರೆ ಮೆಂಬ್ರೇನನ್ನು ದೂರುವ ಮುಂಚೆ ಕೊಳವೆಗಳನ್ನು ಜೋಡಿಸುವ ಕಡೆಯ ಓ-ರಿಂಗ್ ನೋಡಿ. ಕೆಲವು ರೂಪಾಯಿಯ ಆ ರಬ್ಬರು ಬಳೆ ಹರಿದರೆ ಉಪ್ಪುನೀರು ನೇರ ಶುದ್ಧ ನೀರಿಗೆ ಸೇರುತ್ತದೆ. ನಾಲ್ಕೂ ಕೊಳವೆಗಳ ನೀರನ್ನು ಬೇರೆಬೇರೆ ಲೋಟದಲ್ಲಿ ಹಿಡಿದು ಅಳೆದರೆ ಯಾವುದರಲ್ಲಿ ತಪ್ಪಿದೆ ಎಂದು ಐದು ನಿಮಿಷದಲ್ಲಿ ಸಿಗುತ್ತದೆ. ಶುದ್ಧ ನೀರಿನ ಪ್ರಮಾಣ ಹತ್ತು ಹದಿನೈದು ಶೇಕಡಾ ಇಳಿದಾಗಲೇ ತೊಳೆಯಬೇಕು: ಸುಣ್ಣಕ್ಕೆ ಶೇ. 2ರ ಸಿಟ್ರಿಕ್ ಆಮ್ಲ, ಲೋಳೆಗೆ ಕ್ಷಾರ. ಅರ್ಧಕ್ಕೆ ಇಳಿದ ಮೇಲೆ ತೊಳೆದರೆ ಪೂರ್ತಿ ಮರಳುವುದು ಅಪರೂಪ. ಆದರೆ ಒಂದು ಎಚ್ಚರ. ನೀರು ಒಂದು ಡಿಗ್ರಿ ತಣ್ಣಗಾದರೆ ಹರಿವು ಸುಮಾರು ಶೇ. 3 ಕಡಿಮೆಯಾಗುತ್ತದೆ. ಪುಷ್ಯ ಮಾಸದಲ್ಲಿ ಕ್ಯಾನು ತುಂಬಲು ಹೆಚ್ಚು ಹೊತ್ತು ಹಿಡಿದರೆ ಅದು ರೋಗವಲ್ಲ, ಚಳಿ.

ಘಟಕವನ್ನು ಎರಡು ಮೂರು ದಿನ ನಿಲ್ಲಿಸಿಡುವುದೂ ಒಳ್ಳೆಯದಲ್ಲ, ಒಳಗೆ ಲೋಳೆ ಬೆಳೆಯುತ್ತದೆ. ದಿನಕ್ಕೊಮ್ಮೆಯಾದರೂ ನೀರು ಹಾಯಿಸಬೇಕು. ತಿಂಗಳುಗಟ್ಟಲೆ ಮುಚ್ಚುವುದಾದರೆ ಶೇ. 1ರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಡಬೇಕು.

ಟಿಡಿಎಸ್ ಮೀಟರಿನ ಬಗ್ಗೆ ಒಂದು ತಪ್ಪು ನಂಬಿಕೆ ಎಲ್ಲೆಡೆ ಇದೆ. ಪೆನ್ನಿನಂಥ ಆ ಮೀಟರು ಅಳೆಯುವುದು ನೀರಿನಲ್ಲಿ ಕರೆಂಟು ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಮಾತ್ರ; ಅದನ್ನೇ ಒಂದು ಗುಣಕದಿಂದ ಗುಣಿಸಿ ಅಂಕಿ ತೋರಿಸುತ್ತದೆ. ಫ್ಲೋರೈಡ್, ಬ್ಯಾಕ್ಟೀರಿಯಾ ಅದಕ್ಕೆ ಕಾಣವು. ಫ್ಲೋರೈಡಿಗೆ ಬೇರೆ ಪರೀಕ್ಷೆ ಬೇಕು. ಪ್ರಯೋಗಾಲಯದಲ್ಲಿ ಜಿರ್ಕೋನಿಯಂ ಸೇರಿದ ಕೆಂಪು ದ್ರಾವಣ ಹಾಕುತ್ತಾರೆ. ಫ್ಲೋರೈಡ್ ಜಿರ್ಕೋನಿಯಮ್ಮನ್ನು ಕಿತ್ತುಕೊಂಡಷ್ಟೂ ಕೆಂಪು ಮಸುಕಾಗುತ್ತದೆ. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೂ ಬಣ್ಣ ಮಾಸುತ್ತದೆ, ಆಗ ಇಲ್ಲದ ಫ್ಲೋರೈಡ್ ಇದ್ದಂತೆ ಬರುತ್ತದೆ. ಮಾದರಿಯನ್ನು ಗಾಜಿನ ಬಾಟಲಿಯಲ್ಲಲ್ಲ, ಪ್ಲಾಸ್ಟಿಕ್ ಬಾಟಲಿಯಲ್ಲಿ, ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ ಕೊಡಿ. ಬೋರಿನದೊಂದು, ಘಟಕದ ನಲ್ಲಿಯದೊಂದು, ಮನೆಯ ಕ್ಯಾನಿನದೊಂದು.

ಕೆಲವು ಕಡೆ ನೀರು ಸಪ್ಪೆ ಎಂಬ ದೂರಿಗೆ ಬೋರಿನ ನೀರನ್ನು ಸ್ವಲ್ಪ ಬೆರೆಸುವ ವಾಲ್ವ್ ತೆರೆಯುತ್ತಾರೆ. ಲೆಕ್ಕ ಹಾಕಿ ಬೆರೆಸಿದರೆ ತಪ್ಪಿಲ್ಲ. ಫ್ಲೋರೈಡ್ ಬೋರಿನ ನೀರಿನಲ್ಲಿ ಲೀಟರಿಗೆ 3 ಮಿ.ಗ್ರಾಂ, ಆರ್‌ಒ ನೀರಿನಲ್ಲಿ 0.2 ಇದ್ದು ಐದರಲ್ಲಿ ಒಂದು ಪಾಲು ಬೆರೆಸಿದರೆ 0.76 ಆಗುತ್ತದೆ, ಮಿತಿಯೊಳಗಿದೆ. ಬೋರಿನಲ್ಲಿ 5 ಇದ್ದರೆ ಅದೇ ಪಾಲು 1.16ಕ್ಕೆ ಒಯ್ಯುತ್ತದೆ. ರುಚಿಗಾಗಿ ಕಣ್ಣಂದಾಜಿನಲ್ಲಿ ವಾಲ್ವ್ ತಿರುಗಿಸುವುದು ಬೇಡವೇ ಬೇಡ. ಆರ್‌ಒ ನೀರಿನಲ್ಲಿ ಸುಣ್ಣದ ಅಂಶ ಇಲ್ಲ ಎಂಬ ಆತಂಕ ನಿಜ. ಆದರೆ 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ದಿನಕ್ಕೆರಡು ಹೊತ್ತು ಮುದ್ದೆ ಉಣ್ಣುವ ಮನೆ ಕ್ಯಾಲ್ಸಿಯಮ್ಮಿಗಾಗಿ ಬೋರಿನ ನೀರನ್ನು ನೆಚ್ಚಬೇಕಿಲ್ಲ.

ಈಗ ಅಡುಗೆಯ ಮಾತು. ಬೋರಿನಲ್ಲಿ 3 ಮಿ.ಗ್ರಾಂ ಫ್ಲೋರೈಡ್ ಇರುವ ಊರು. ದೊಡ್ಡವರೊಬ್ಬರು ದಿನಕ್ಕೆ 3 ಲೀಟರ್ ಕುಡಿಯುತ್ತಾರೆ. ಅನ್ನ, ಮುದ್ದೆ, ಸಾರು, ಟೀ ಸೇರಿ ಒಂದೂವರೆ ಲೀಟರ್ ಹೊಟ್ಟೆಗೆ ಹೋಗುತ್ತದೆ ಎನ್ನೋಣ. ಎಲ್ಲಕ್ಕೂ ಬೋರಿನ ನೀರಾದರೆ 13.5 ಮಿ.ಗ್ರಾಂ. ಕುಡಿಯಲು ಮಾತ್ರ ಕ್ಯಾನಿನ ನೀರು ತಂದರೆ ಕುಡಿದದ್ದರಿಂದ 0.6, ಅಡುಗೆಯಿಂದ 4.5, ಒಟ್ಟು 5.1. ಅಡುಗೆಗೂ ಕ್ಯಾನಿನ ನೀರೇ ಆದರೆ 0.9. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗುವುದು ನೀರು, ಉಳಿಯುವುದು ಅದು. ಮೂರು ತಾಸು ಕುದಿದ ಸಾರಿನಲ್ಲಿ ಅದು ಇನ್ನೂ ಗಟ್ಟಿಯಾಗಿರುತ್ತದೆ. ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಎಂಟು ವರ್ಷದೊಳಗೆ. ಆಮೇಲೆ ಎಷ್ಟೇ ಒಳ್ಳೆಯ ನೀರು ಕೊಟ್ಟರೂ ಬಿದ್ದ ಕಲೆ ಹೋಗದು. ಆದ್ದರಿಂದ ಅಂಗನವಾಡಿಯ ಅಡುಗೆಗೆ, ಶಾಲೆಯ ಬಿಸಿಯೂಟಕ್ಕೆ ಘಟಕದ ನೀರು ಮೊದಲು ಹೋಗಬೇಕು, ಕಾಸಿಲ್ಲದೆ ಹೋಗಬೇಕು.

ಐದು ಜನರ ಮನೆಗೆ ಕುಡಿಯಲು, ಬೇಯಿಸಲು ಸೇರಿ ದಿನಕ್ಕೊಂದು ಕ್ಯಾನು ಸಾಲದು, ಎರಡು ದಿನಕ್ಕೆ ಮೂರು ಬೇಕು. ತಿಂಗಳಿಗೆ 225 ರೂಪಾಯಿ. ಅಕ್ಕಿ ಬೇಳೆಯ ಮೊದಲ ತೊಳೆಗೆ ಬೋರಿನ ನೀರು ಸಾಕು; ಕೊನೆಯ ತೊಳೆ ಮತ್ತು ಎಸರು ಕ್ಯಾನಿನದಾಗಲಿ.

ಕ್ಯಾನಿನ ಸ್ವಚ್ಛತೆಯಲ್ಲಿ ಘಟಕಕ್ಕೆ ಕಡಿಮೆ ಅಂಕ. ಯುವಿ ದೀಪ ಹಾಯುವ ಕ್ಷಣದಲ್ಲಿ ಮಾತ್ರ ಕ್ರಿಮಿ ಕೊಲ್ಲುತ್ತದೆ, ಆಮೇಲೆ ನೀರಿಗೆ ಯಾವ ಕಾವಲೂ ಇಲ್ಲ. ದೀಪದ ನೀಲಿ ಬೆಳಕು ಉಳಿದಿದ್ದರೂ ಸುಮಾರು 9000 ಗಂಟೆಯ ಮೇಲೆ ಅದರ ಶಕ್ತಿ ಕುಂದಿರುತ್ತದೆ. ವಾರಕ್ಕೊಮ್ಮೆ ಎರಡು ಲೀಟರ್ ನೀರಿಗೆ ಸುಮಾರು ಒಂದು ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ, ತಿಳಿ ಬಸಿದು ಕ್ಯಾನಿಗೆ ಹಾಕಿ, ಹತ್ತು ನಿಮಿಷ ಅಲುಗಾಡಿಸಿ, ಎರಡು ಸಲ ಶುದ್ಧ ನೀರಿನಲ್ಲೇ ಜಾಲಿಸಿ. ಒಳಗೆ ಪಾಚಿ ಕಂಡ ಕ್ಯಾನನ್ನು ಕುಡಿಯುವ ನೀರಿಗೆ ಬಳಸಬೇಡಿ.

ಹಣದ ಲೆಕ್ಕವೂ ಗೊತ್ತಿರಲಿ. ದಿನಕ್ಕೆ 100 ಕ್ಯಾನು ಹೋದರೆ ತಿಂಗಳಿಗೆ 15,000 ರೂಪಾಯಿ. ಕರೆಂಟು, ನೋಡಿಕೊಳ್ಳುವವರ ಸಂಬಳ ಕಳೆದರೆ ಮೆಂಬ್ರೇನಿಗೆ, ಆಂಟಿಸ್ಕೇಲೆಂಟಿಗೆ ಏನೂ ಉಳಿಯದು. 300 ಕ್ಯಾನು ಹೋಗುವ ಊರಲ್ಲಿ ಅದೇ ಘಟಕ ತನ್ನ ಕಾಲ ಮೇಲೆ ನಿಲ್ಲುತ್ತದೆ. ಸಣ್ಣ ಹಟ್ಟಿ, ತಾಂಡಾಗಳಲ್ಲಿ ಘಟಕ ಬೀಗ ಹಾಕಿಕೊಳ್ಳುವುದು ಹೀಗೆ. ಅಂಥಲ್ಲಿ ಮಳೆನೀರಿಗೆ ನನ್ನ ಮತ. 500 ಮಿ.ಮೀ. ಮಳೆ ಬೀಳುವ ಕಡೆ 100 ಚದರ ಮೀಟರ್ ಆರ್‌ಸಿಸಿ ಮಾಳಿಗೆಯಿಂದ ಸೋರಿಕೆ ಕಳೆದು 40,000 ಲೀಟರ್ ಸಿಗುತ್ತದೆ. ಮೇಲೆ ಹೇಳಿದ ಐದು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು 11,000. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೆ ಫ್ಲೋರೈಡ್ ಪ್ರಶ್ನೆಯೇ ಇಲ್ಲ.

ಘಟಕದ ಹಿಂದಿನ ಗೋಡೆಯನ್ನೂ ನೋಡಿ. ಒಂದು ಲೀಟರ್ ಶುದ್ಧ ನೀರಿಗೆ ಒಂದು ಲೀಟರ್ ರಿಜೆಕ್ಟ್ ಆದರೆ ಅದರಲ್ಲಿ ಫ್ಲೋರೈಡ್ 3 ಇದ್ದದ್ದು 5.8ಕ್ಕೆ ಏರಿರುತ್ತದೆ. ಅದನ್ನು ಬೋರಿನ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಮತ್ತೆ ಅದೇ ನೀರನ್ನೇ ಎತ್ತಿ ಸೋಸಿದಂತೆ. ಚರಂಡಿಯಲ್ಲಿ ನಿಂತರೆ ಸೊಳ್ಳೆ. ಪಕ್ಕದಲ್ಲೊಂದು ತೊಟ್ಟಿ ಕಟ್ಟಿ ನಲ್ಲಿ ಇಟ್ಟರೆ ಶೌಚಾಲಯಕ್ಕೆ, ನೆಲ ತೊಳೆಯಲು, ಗಾಡಿ ತೊಳೆಯಲು ಆಗುತ್ತದೆ. ದನಗಳಿಗೆ ಮಾತ್ರ ಅದನ್ನು ಕುಡಿಸಬೇಡಿ, ಅವುಗಳ ಮೂಳೆ ಹಲ್ಲುಗಳೂ ನಮ್ಮವುಗಳಂತೆಯೇ ಫ್ಲೋರೈಡ್ ಹಿಡಿಯುತ್ತವೆ.