ಸೈಕಲ್‌ನಲ್ಲಿ ವಿಶ್ವ ದಾಖಲೆ: ತಂಡ ಕಟ್ಟಿಕೊಂಡೋ, ಒಂಟಿಯಾಗಿಯೋ?

ಸೈಕಲ್‌ನಲ್ಲಿ ಭೂಮಿ ಸುತ್ತಿ ಗಿನ್ನೆಸ್ ದಾಖಲೆ ಬರೆಯಲು ಕನಿಷ್ಠ 28,970 ಕಿ.ಮೀ. ತುಳಿಯಲೇಬೇಕು. ಮಾರ್ಕ್ ಬೋಮಾಂಟ್ 2017ರಲ್ಲಿ ಅದನ್ನು 79 ದಿನಗಳೊಳಗೆ ಮುಗಿಸಿದ್ದು ತಂಡದ ಬಲದಿಂದ. ನಸುಕಿನ ನಾಲ್ಕಕ್ಕೆ ಪೆಡಲ್ ಮೇಲೆ ಕಾಲು, ನಾಲ್ಕು ಗಂಟೆಗಳ ನಾಲ್ಕು ಪಾಳಿ, ನಡುವೆ ಅರ್ಧ ಗಂಟೆ ಬಿಡುವು, ರಾತ್ರಿ ಐದು ಗಂಟೆ ನಿದ್ದೆ. ಅಡುಗೆ, ರಿಪೇರಿ, ದಾರಿಯ ಲೆಕ್ಕಾಚಾರವೆಲ್ಲ ಬೇರೆಯವರ ಹೆಗಲಿಗೆ. ಇದಕ್ಕೆ ದೊಡ್ಡ ಪ್ರಾಯೋಜಕರು ಬೇಕು.

ಜೆನ್ನಿ ಗ್ರಹಾಂ 2018ರಲ್ಲಿ ಬರ್ಲಿನ್‌ನಿಂದ ಒಬ್ಬರೇ ಹೊರಟು 125 ದಿನಗಳೊಳಗೆ ಅಲ್ಲಿಗೇ ಮರಳಿದರು. ಸಾಮಾನೆಲ್ಲ ಸೈಕಲ್ ಮೇಲೆಯೇ. ಎಷ್ಟೋ ರಾತ್ರಿ ರಸ್ತೆ ಬದಿಯಲ್ಲೇ ನಿದ್ದೆ. ಅಂಗಡಿ ಮುಚ್ಚಿದ್ದರೆ ಊಟವಿಲ್ಲ. ಆದರೂ ನನ್ನ ಮನಸ್ಸು ಇತ್ತಲೇ ವಾಲುತ್ತದೆ. ಪಂಕ್ಚರ್ ಹಾಕಲು, ಒಂಟಿತನ ತಾಳಲು ಬಲ್ಲವರು ಇದನ್ನೇ ಆರಿಸಿಕೊಳ್ಳಲಿ. ಬೋಮಾಂಟ್ ಅವರ ವೇಗವನ್ನೇ ಮೀರಬೇಕೆನ್ನುವವರು ಮಾತ್ರ ಮೊದಲು ತಂಡ ಕಟ್ಟಲಿ.